ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ: ಕಣದಲ್ಲಿರುವ ಮೆಕ್ಕೆಜೋಳ ಏನು ಮಾಡಲಿ?

ಜಗಳೂರು_ಕಣ:

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕು. ಮೆಕ್ಕೆಜೋಳ ಒಕ್ಕಣೆ ಮುಗಿದಿದೆ. ಸುಮಾರು 60 ಕ್ವಿಂಟಲ್ ಕಣದಲ್ಲಿ ಹರಡಿದ್ದೇವೆ. ಮೊನ್ನೆ ವ್ಯಾಪಾರಿ ಬಂದು ಮೀಟರ್ ಇಟ್ಟು ನೋಡಿದರು, ತೇವಾಂಶ 17 ಪರ್ಸೆಂಟ್ ಬಂತು. 14ಕ್ಕೆ ಇಳಿಸಿ, ಒಳ್ಳೇ ರೇಟ್ ಕೊಡುತ್ತೇನೆ ಅಂದರು. ಇನ್ನು ಮೂರ್ನಾಲ್ಕು ದಿನ ಚೆನ್ನಾಗಿ ಬಿಸಿಲು ಬಿದ್ದರೆ ಸಾಕು.

ಆದರೆ ನಿನ್ನೆಯಿಂದ ಟಿವಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಹೇಳುತ್ತಿದ್ದಾರೆ. ಮೊಬೈಲ್‌ನಲ್ಲಿ ಶುಕ್ರವಾರಕ್ಕೆ ಮೋಡದ ಚಿತ್ರ ಹಾಕಿ 60 ಪರ್ಸೆಂಟ್ ಅಂತ ತೋರಿಸುತ್ತಿದೆ. ಹವಾಮಾನ ಇಲಾಖೆಯ ಬುಲೆಟಿನ್ ತೆಗೆದು ಓದಿದೆ. ಅರ್ಧಕ್ಕರ್ಧ ಸಮುದ್ರದ ಸುದ್ದಿಯೇ ಇದೆ. ಅಲ್ಲಿ ಗಾಳಿ ಇಷ್ಟು, ಇಲ್ಲಿ ಅಲೆ ಇಷ್ಟು, ಮೀನುಗಾರರು ಇಳಿಯಬಾರದು. ನಮ್ಮ ಪಾಲಿಗೆ ಇರುವುದು ಒಂದೇ ಸಾಲು: 'ದಕ್ಷಿಣ ಒಳನಾಡಿನ ಒಂದೆರಡು ಕಡೆ ಹಗುರ ಮಳೆ ಸಾಧ್ಯತೆ.'

ಒಂದೆರಡು ಕಡೆ ಅಂದರೆ ಎಲ್ಲಿ? ನಮ್ಮೂರೂ ಅದರಲ್ಲಿ ಇದೆಯಾ? ಜೋಳ ಈಗಲೇ ತುಂಬಿ ಒಳಗೆ ಹಾಕಿದರೆ 17ರಲ್ಲಿ ಬೂಷ್ಟು ಹಿಡಿಯುತ್ತದೆ. ಬಿಟ್ಟರೆ ನೆನೆಯುತ್ತದೆ. ಅಪ್ಪ ಹೇಳುವುದು ಅನುರಾಧ ಮಳೆ ಮುಗಿಯಿತು, ಇನ್ನು ಮಳೆ ಇಲ್ಲ, ಹೆದರಬೇಡ ಅಂತ. ಈ ಬುಲೆಟಿನ್ ಸರಿಯಾಗಿ ಓದಲು ಬರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿಕೊಡಿ.

---

ಹೈವೇ_ದಾವಣಗೆರೆ:

ತಮ್ಮಾ, ನೀವು ಬಿಟ್ಟು ಓದಿದ ಆ ಸಮುದ್ರದ ಭಾಗವನ್ನೇ ಮೊದಲು ಓದಬೇಕು. ನಾನು ಲಾರಿ ಇಟ್ಟುಕೊಂಡವನು. ದಾವಣಗೆರೆಯಿಂದ ನಾಮಕ್ಕಲ್ ಕಡೆಯ ಕೋಳಿ ಆಹಾರದ ಮಿಲ್ಲುಗಳಿಗೆ ಮೆಕ್ಕೆಜೋಳ ಹೊಡೆಯುತ್ತೇನೆ. ಹಿರಿಯೂರು, ಸಿರಾ, ತುಮಕೂರು, ಬೆಂಗಳೂರು ದಾಟಿ ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ. ನವೆಂಬರ್ ಡಿಸೆಂಬರ್‌ನಲ್ಲಿ ಆ ದಾರಿ ಪೂರ್ತಿ ಬಂಗಾಳ ಕೊಲ್ಲಿಯ ಕೈಯಲ್ಲಿರುತ್ತದೆ. ಮಿಲ್ಲಿನವರು ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ನೋಡುತ್ತಾರೆ. ತೇವ ಇದ್ದರೆ, ಬೂಷ್ಟು ವಾಸನೆ ಬಂದರೆ ಗಾಡಿ ಹಾಗೇ ವಾಪಸ್. ಬೂಷ್ಟಿನ ವಿಷ ಕೋಳಿಗೆ ಆಗುವುದಿಲ್ಲ. ಅದಕ್ಕೇ ಲೋಡ್ ಮಾಡುವ ಮೊದಲು ಬುಲೆಟಿನ್ ಓದುವುದು ನನಗೆ ಡೀಸೆಲ್ ನೋಡಿಕೊಂಡಷ್ಟೇ ಮುಖ್ಯ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ದಾವಣಗೆರೆಯಿಂದ ಹೊನ್ನಾವರದ ಕಡಲು ನೇರ ಲೆಕ್ಕದಲ್ಲಿ 160 ಕಿ.ಮೀ. ಆಸುಪಾಸು. ಚೆನ್ನೈ ಕಡಲು ಸುಮಾರು 490. ಮುಂಗಾರಿನಲ್ಲಿ ಹತ್ತಿರದ ಕಡಲು ನಮಗೆ ಮೋಡ ಕಳಿಸುತ್ತದೆ. ಅದೂ ಘಟ್ಟದಲ್ಲಿ ಸುರಿದು ಉಳಿದದ್ದು ಮಾತ್ರ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಗೆ ಬರುವಷ್ಟರಲ್ಲಿ ಗಾಳಿ ಮಾತ್ರ ಉಳಿದಿರುತ್ತದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಗಾಳಿ ತಿರುಗುತ್ತದೆ, ಈಶಾನ್ಯದಿಂದ ಬೀಸಲು ಶುರು. ಆಮೇಲೆ ನಮ್ಮ ಮಳೆ ಹುಟ್ಟುವುದು ಆ ದೂರದ ಕಡಲಿನಲ್ಲಿ. ಅಲ್ಲಿ ಏನೂ ಹುಟ್ಟದಿದ್ದರೆ ಡಿಸೆಂಬರ್ ಪೂರ್ತಿ ಒಣ. ಹುಟ್ಟಿದರೆ ಅನುರಾಧ ಮುಗಿದರೂ, ಜ್ಯೇಷ್ಠ ಬಂದರೂ ಮಳೆ ಬರಬಹುದು. ಅಪ್ಪನ ಲೆಕ್ಕ ಹೆಚ್ಚಿನ ವರ್ಷಗಳಿಗೆ ಸರಿ. ಕೊಲ್ಲಿಯಲ್ಲಿ ಏನಾದರೂ ಎದ್ದ ವಾರಕ್ಕೆ ಮಾತ್ರ ಅದನ್ನು ನಂಬಿ ಕಣ ಬಿಡಬೇಡಿ.

ಈಗ ಬುಲೆಟಿನ್ ತೆಗೆಯಿರಿ. ಟಿವಿಯವರು ಎಲ್ಲಕ್ಕೂ ವಾಯುಭಾರ ಕುಸಿತ ಅಂದುಬಿಡುತ್ತಾರೆ. ಇಲಾಖೆಯವರು ಹಂತ ಹಂತವಾಗಿ ಬರೆಯುತ್ತಾರೆ. ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟುವ ತನಕ ಅದು ಬರೀ ಲೋ ಪ್ರೆಶರ್. ಅಲ್ಲಿಂದ 50ರ ತನಕ ಡಿಪ್ರೆಶನ್. ಅದರ ಮೇಲೆ 61ರ ತನಕ ಡೀಪ್ ಡಿಪ್ರೆಶನ್. 62 ದಾಟಿದರೆ ಸೈಕ್ಲೋನ್, ಆಗ ಹೆಸರು ಇಡುತ್ತಾರೆ. ಹೆಸರು ಇಟ್ಟ ಮೇಲೆ ಎಲ್ಲರೂ ಹೆದರುತ್ತಾರೆ, ಇಡುವ ಮೊದಲು ಯಾರೂ ಕೇಳುವುದಿಲ್ಲ. ಆದರೆ ಈ ಹಂತ ಅಳೆಯುವುದು ಗಾಳಿಯನ್ನು. ಮಳೆಯನ್ನಲ್ಲ.

2024ರ ಫೆಂಗಲ್ ನೆನಪಿದೆಯಾ? ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ಗಾಳಿ ಲೆಕ್ಕದಲ್ಲಿ ದೊಡ್ಡ ಸೈಕ್ಲೋನ್ ಏನಲ್ಲ. ದಡ ಹತ್ತಿ ಅಲ್ಲೇ ಗಂಟೆಗಟ್ಟಲೆ ನಿಂತುಬಿಟ್ಟಿತು. ಆಮೇಲೆ ಶಕ್ತಿ ಕಳೆದುಕೊಂಡು ನಿಧಾನವಾಗಿ ಪಶ್ಚಿಮಕ್ಕೆ ಹೊರಟಿತು. ಸೈಕ್ಲೋನ್ ಅನ್ನುವ ಹೆಸರು ಕಳಚಿಬಿದ್ದ ಮೇಲೆ, ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ, ಕೃಷ್ಣಗಿರಿ ಜಿಲ್ಲೆಯ ಊತಂಗರೈನಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಸುರಿಯಿತು. ಕಡಲಿನಿಂದ ಅಷ್ಟು ಒಳಗಿರುವ ಊರಿನಲ್ಲಿ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷವಿಡೀ ಬರುವ ಮಳೆಗೆ ಹತ್ತಿರ ಹತ್ತಿರ ಅಷ್ಟು, ಒಂದೇ ದಿನದಲ್ಲಿ. ಹಾಗಾಗಿ 'ದುರ್ಬಲಗೊಂಡಿದೆ' ಅಂತ ಬರೆದ ಕೂಡಲೇ ತಾಡಪಾಲು ತೆಗೆಯಬೇಡಿ.

ಹಂತಕ್ಕಿಂತ ಮುಖ್ಯ ದಾರಿ. ಅದು ಎಲ್ಲಿ ದಡ ಹತ್ತುತ್ತದೆ, ಹತ್ತಿದ ಮೇಲೆ ಯಾವ ಕಡೆ ಮುಖ ಮಾಡುತ್ತದೆ ನೋಡಿ. ಉತ್ತರ ತಮಿಳುನಾಡು ಅಥವಾ ದಕ್ಷಿಣ ಆಂಧ್ರದಲ್ಲಿ ಹತ್ತಿ ಪಶ್ಚಿಮ ಅಥವಾ ವಾಯವ್ಯಕ್ಕೆ ಹೊರಟರೆ ಅದು ನಮ್ಮ ದಾರಿ. ಮೋಡ ಕೋಲಾರ, ತುಮಕೂರು ದಾಟಿ ನಮ್ಮ ಕಡೆ ಬರುತ್ತದೆ. 2018ರ ಗಜ ಹಾಗಲ್ಲ. ಅದು ಕೆಳಗೆ ವೇದಾರಣ್ಯಂ ಹತ್ತಿರ ಹತ್ತಿ, ಕೇರಳ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಂಥದ್ದರ ದೊಡ್ಡ ಮಳೆ ದಕ್ಷಿಣದವರಿಗೆ. ಇನ್ನು 2023ರ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿ, ದಡದ ಪಕ್ಕದಲ್ಲೇ ಉತ್ತರಕ್ಕೆ ಹೋಗಿ ಡಿಸೆಂಬರ್ 5ಕ್ಕೆ ಆಂಧ್ರದ ಬಾಪಟ್ಲ ಹತ್ತಿರ ಹತ್ತಿತು. ಹಾಗೆ ಮೇಲಕ್ಕೆ ಹೋಗುವಾಗ ಅದು ನಮ್ಮ ಈಶಾನ್ಯಕ್ಕೆ ಬರುತ್ತದೆ. ಆಗ ನಮ್ಮ ಮೇಲೆ ಬೀಸುವುದು ಉತ್ತರದ ನೆಲದ ಮೇಲಿಂದ ಬರುವ ಗಾಳಿ, ಅದು ಒಣ ಗಾಳಿ. ಜೋಳ ಒಣಗಿಸುವವನಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಇನ್ನು ನಿಮ್ಮ 'ಒಂದೆರಡು ಕಡೆ'. ಅದು ಸುಮ್ನೆ ಬರೆದ ಮಾತಲ್ಲ, ಅಳತೆ ಇದೆ. ಆ ವಿಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ 25 ಪರ್ಸೆಂಟ್ ಒಳಗೆ ಮಳೆ ಬಂದರೆ ಒಂದೆರಡು ಕಡೆ. 50ರ ತನಕ ಕೆಲವು ಕಡೆ. 75ರ ತನಕ ಹಲವು ಕಡೆ. ಅದರ ಮೇಲೆ ಬಹುತೇಕ ಎಲ್ಲ ಕಡೆ. ನಮ್ಮ ವಿಭಾಗ ದಕ್ಷಿಣ ಒಳನಾಡು. ಅದರಲ್ಲಿ ಬಳ್ಳಾರಿಯಿಂದ ಚಾಮರಾಜನಗರದ ತನಕ, ಕೊಡಗಿನಿಂದ ಕೋಲಾರದ ತನಕ ಇದೆ. ಅಷ್ಟು ದೊಡ್ಡ ಜಾಗದ ಕಾಲು ಭಾಗ ಅಂದರೆ ಈಗಿನ ದಿಕ್ಕಿನಲ್ಲಿ ಅದು ಹೆಚ್ಚಾಗಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಕಡೆ. ನಾಳೆ ನಾಡಿದ್ದು ಅದೇ ಸಾಲು 'ಹಲವು ಕಡೆ' ಅಂತ ಬದಲಾದರೆ ಆಗ ನಮ್ಮ ಸರದಿ ಅಂತ ತಿಳಿಯಿರಿ. ಜಿಲ್ಲಾವಾರು ಪಟ್ಟಿಯೂ ಇರುತ್ತದೆ. ಅದರಲ್ಲಿ ದಾವಣಗೆರೆ, ಚಿತ್ರದುರ್ಗ ಎರಡನ್ನೂ ನೋಡಿ. ಜಗಳೂರು ಇರುವುದು ಅಂಚಿನಲ್ಲಿ ಅಲ್ವಾ.

ಇನ್ನೊಂದು. ಇಲಾಖೆಯ ದಿನ ಶುರುವಾಗುವುದು ಬೆಳಿಗ್ಗೆ 8:30ಕ್ಕೆ, ಮುಗಿಯುವುದು ಮರುದಿನ 8:30ಕ್ಕೆ. ಶುಕ್ರವಾರ ಮಳೆ ಅಂತ ಬರೆದಿದ್ದರೆ ಶನಿವಾರ ಬೆಳಗಿನ ಜಾವವೂ ಅದರಲ್ಲೇ ಸೇರಿದೆ. ಶುಕ್ರವಾರ ಹಗಲು ಬಿಸಿಲು ಬಿತ್ತು, ಮಳೆ ಸುಳ್ಳಾಯಿತು ಅಂತ ರಾತ್ರಿ ಜೋಳ ಬಿಚ್ಚಿಟ್ಟು ಮಲಗುವವರನ್ನು ನಾನು ದಾರಿಯುದ್ದಕ್ಕೂ ನೋಡಿದ್ದೇನೆ.

ನಿಮಗೆ ಎರಡು ದಿನ ಬಿಸಿಲು ಸಿಗುತ್ತದೆ ಅನ್ನಿಸುತ್ತದೆ. ಪೂರ್ತಿ ಉಪಯೋಗಿಸಿಕೊಳ್ಳಿ. ತೆಳುವಾಗಿ ಹರಡಿ, ಗಂಟೆಗೊಂದು ಸಲ ಕಾಲಾಡಿಸಿ. ಇಬ್ಬನಿ ಆರಿದ ಮೇಲೆಯೇ ಬಿಚ್ಚಿ. ಸಂಜೆ ಬಿಸಿ ಕಾಳನ್ನು ಕೂಡಲೇ ರಾಶಿ ಮಾಡಿ ಪ್ಲಾಸ್ಟಿಕ್ ಮುಚ್ಚಬೇಡಿ, ಒಳಗೆ ಬೆವರುತ್ತದೆ. ಸ್ವಲ್ಪ ತಣಿಯಲಿ, ಆಮೇಲೆ ಮುಚ್ಚಿ. ರಾಶಿ ಎತ್ತರದ ಜಾಗದಲ್ಲಿರಲಿ, ಸುತ್ತ ಸಣ್ಣ ಕಾಲುವೆ ತೋಡಿ. ಮಳೆ ಬಂದರೆ ಎಷ್ಟೋ ಸಲ ಮೇಲಿಂದ ಬಿದ್ದ ನೀರಿಗಿಂತ ಕೆಳಗಿಂದ ನುಗ್ಗಿದ ನೀರು ಜಾಸ್ತಿ ಹಾಳು ಮಾಡುತ್ತದೆ.

---

ಐಮಂಗಲ_ತೊಗರಿ:

ಅಣ್ಣಾ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. ನಾನು ಹಿರಿಯೂರು ತಾಲ್ಲೂಕಿನವಳು. ತೊಗರಿ, ಕಡಲೆ ಇದೆ. ನನ್ನ ಕಡೆಯಿಂದಲೂ ಒಂದು ಮಾತು ಸೇರಿಸುತ್ತೇನೆ. ಮಳೆ ಬರಲಿ ಬಿಡಲಿ, ಮೋಡವೇ ನಮಗೆ ಶತ್ರು.

ತೊಗರಿ ಈಗ ಹೂವು, ಎಳೆಗಾಯಿಯಲ್ಲಿದೆ. ಕೊಲ್ಲಿಯಲ್ಲಿ ಏನಾದರೂ ಎದ್ದರೆ ನಾಲ್ಕು ದಿನ ಮೋಡ ಮುಸುಕಿಕೊಂಡು ನಿಲ್ಲುತ್ತದೆ. ಬಿಸಿಲಿಲ್ಲ, ಸರಿಯಾಗಿ ಮಳೆಯೂ ಇಲ್ಲ. ಹೂವು ಉದುರುತ್ತದೆ, ಕಾಯಿಕೊರಕದ ಹುಳ ಏಳುತ್ತದೆ. ಹೊಲಕ್ಕೆ ಹೋಗಿ ಗಿಡ ಅಲ್ಲಾಡಿಸಿ ಕೆಳಗೆ ಬಟ್ಟೆ ಹಾಸಿ ನೋಡಿದರೆ ಹುಳ ಬಿದ್ದಿರುತ್ತವೆ. ಬುಲೆಟಿನ್‌ನಲ್ಲಿ 'ಮೋಡ ಕವಿದ ವಾತಾವರಣ' ಅಂತ ಓದಿದ ಕೂಡಲೇ ನಾನು ಮೋಹಕ ಬಲೆ (ವಾಸನೆಯಿಂದ ಪತಂಗ ಸೆಳೆದು ಹಿಡಿಯುವ ಬಲೆ) ನೋಡಲು ಹೋಗುತ್ತೇನೆ. ಮಳೆ ಇಲ್ಲ ಅಂತ ಬರೆದಿದ್ದಾರೆ, ನಮಗೇನು ಅಂತ ಕೂರುವ ಹಾಗಿಲ್ಲ.

ಔಷಧಿ ಹೊಡೆಯುವುದಕ್ಕೂ ಮುನ್ಸೂಚನೆ ಬೇಕು. ಹೊಡೆದ ಸಂಜೆಯೇ ತುಂತುರು ಬಂದರೆ ದುಡ್ಡು, ಶ್ರಮ ಎರಡೂ ಮಣ್ಣಿಗೆ. ರೈತರಿಗೆ ಅಂತಲೇ ಮಂಗಳವಾರ, ಶುಕ್ರವಾರ ಬೇರೆ ಬುಲೆಟಿನ್ ಬರುತ್ತದೆ. ಮುಂದಿನ ಐದು ದಿನದ ಮಳೆ, ಉಷ್ಣಾಂಶ, ಗಾಳಿಯಲ್ಲಿನ ತೇವ, ಮೋಡ ಎಲ್ಲ ಇರುತ್ತದೆ. ಯಾವ ಬೆಳೆಗೆ ಏನು ಮಾಡಬೇಕು ಅಂತ ಕನ್ನಡದಲ್ಲೇ ಬರೆದಿರುತ್ತಾರೆ. ಮೇಘದೂತ ಆ್ಯಪ್‌ನಲ್ಲಿ ಜಿಲ್ಲೆ ಆರಿಸಿಕೊಂಡರೆ ಸಿಗುತ್ತದೆ. ನಮಗೆ ಬಬ್ಬೂರು ಫಾರಂನ ಕೃಷಿ ಕೇಂದ್ರ ಹತ್ತಿರ, ಅನುಮಾನ ಬಂದರೆ ಗಿಡದ ರೆಂಬೆ ಹಿಡಿದುಕೊಂಡು ಹೋಗಿ ತೋರಿಸುತ್ತೇನೆ.

ಜಗಳೂರಿನ ತಮ್ಮಾ, ಆ ಬುಲೆಟಿನ್‌ನಲ್ಲಿ ಗಾಳಿಯ ತೇವದ ಅಂಕಿ ನೀವೂ ನೋಡಿ. ಒಂದು ಹನಿ ಬೀಳದಿದ್ದರೂ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಒಣಗಿದ ಕಾಳು ಮತ್ತೆ ನೀರು ಎಳೆದುಕೊಳ್ಳುತ್ತದೆ. 14ಕ್ಕೆ ಇಳಿದದ್ದು 15 ಆಗುತ್ತದೆ. ಆಮೇಲೆ ಮೀಟರ್ ಮೇಲೆ ಜಗಳ.

ಅಣ್ಣಾ, ಒಂದು ಕೇಳಬೇಕಿತ್ತು. ಮೋಡ ಇದ್ದ ದಿನ ಚಳಿ ಇರುವುದಿಲ್ಲ, ಮೋಡ ಹೋದ ಮರುದಿನವೇ ನಡುಗಿಸುತ್ತದೆ. ಕಡಲೆಗೆ ಚಳಿ, ಇಬ್ಬನಿ ಒಳ್ಳೆಯದೇ. ಆದರೆ ಮನೆಯಲ್ಲಿ ಅತ್ತೆಗೆ ದಮ್ಮು ಇದೆ. ಯಾವಾಗ ಚಳಿ ಬೀಳುತ್ತದೆ ಅಂತ ಮೊದಲೇ ತಿಳಿಯುವುದು ಹೇಗೆ?

---

ಹೈವೇ_ದಾವಣಗೆರೆ:

ತಂಗೀ, ಮೋಡದ ಮಾತು ನೂರಕ್ಕೆ ನೂರು ನಿಜ.

ಚಳಿಗೂ ಕೊಲ್ಲಿಯನ್ನೇ ನೋಡಬೇಕು. ಮೋಡ ಇದ್ದರೆ ರಾತ್ರಿ ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ, ಹಗಲಿನ ಶಾಖ ಮೇಲೆ ಹೋಗಲು ಬಿಡುವುದಿಲ್ಲ. ಅದು ದಾಟಿ ಹೋದ ಕೂಡಲೇ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗುತ್ತದೆ. ಉತ್ತರದ ಒಣ ಗಾಳಿ ನುಗ್ಗುತ್ತದೆ. ಶಾಖವೆಲ್ಲ ಮೇಲೆ ಹೋಗಿ ಬೆಳಗಿನ ಜಾವ ಪಾದರಸ ಬೀಳುತ್ತದೆ. ಚಿತ್ರದುರ್ಗ ಸಮುದ್ರ ಮಟ್ಟದಿಂದ 730 ಮೀಟರ್ ಮೇಲಿದೆ, ದಾವಣಗೆರೆ 600. ಅದಕ್ಕೇ ದುರ್ಗದ ಕಡೆ, ಜೋಗಿಮಟ್ಟಿ ಸುತ್ತಮುತ್ತ ಥಂಡಿ ಒಂದು ಕೈ ಜಾಸ್ತಿ. ಬುಲೆಟಿನ್‌ನಲ್ಲಿ 'ಒಣ ಹವೆ, ತಿಳಿ ಆಕಾಶ' ಅಂತ ಬಂದು, ಕನಿಷ್ಠ ಉಷ್ಣಾಂಶ ಎರಡು ಮೂರು ಡಿಗ್ರಿ ಇಳಿಯಲಿದೆ ಅಂತ ಇದ್ದರೆ ಆ ರಾತ್ರಿಯಿಂದಲೇ ಅತ್ತೆಯವರನ್ನು ಬೆಚ್ಚಗಿಡಿ. ಶೀತಗಾಳಿ ಅನ್ನುವ ಎಚ್ಚರಿಕೆಗೆ ಕಾಯಬೇಡಿ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬಂದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆ ಆದರೆ ಮಾತ್ರ ಅದನ್ನು ಕೊಡುತ್ತಾರೆ. ದಮ್ಮು ಇರುವವರಿಗೆ 13 ಡಿಗ್ರಿಯೂ ಕಷ್ಟವೇ.

---

ಮಲ್ಪೆಯಲ್ಲಿ_ದುರ್ಗದವನು:

ಮೀನುಗಾರರ ಸುದ್ದಿ ನಮಗೆ ಯಾಕೆ ಅಂತ ಕೇಳಿದಿರಿ. ನಾನು ಮೊಳಕಾಲ್ಮುರು ಕಡೆಯವನು, ಈಗ ಮಲ್ಪೆಯಲ್ಲಿ ಐಸ್ ಪ್ಲಾಂಟ್ ಕೆಲಸ. ಇಲ್ಲಿ ಆ ಸಾಲು ಓದದೆ ಯಾರೂ ಬೋಟ್ ಬಿಚ್ಚುವುದಿಲ್ಲ. ಬಿಚ್ಚಲೂಬಾರದು. 2017ರ ಓಖಿ ಸೈಕ್ಲೋನ್ ಬಂದಾಗ ಕೇರಳ, ಕನ್ಯಾಕುಮಾರಿ ಕಡೆಯ ಎಷ್ಟೋ ಬೋಟುಗಳು ಆಗಲೇ ನಡುಗಡಲಲ್ಲಿದ್ದವು. ಹೋದವರಲ್ಲಿ ಬಹಳ ಜನ ವಾಪಸ್ ಬರಲಿಲ್ಲ. ಆ ಮಾತು ಇಲ್ಲಿ ಈಗಲೂ ಬರುತ್ತದೆ.

ನಿಮಗೆ ಉಪಯೋಗ ಆಗುವುದು ಹೀಗೆ. ಎಚ್ಚರಿಕೆ ಯಾವ ಕಡಲಿಗೆ ಕೊಟ್ಟಿದ್ದಾರೆ ಅಂತ ದಿನದಿನ ನೋಡಿ. ಇವತ್ತು ನೈರುತ್ಯ ಬಂಗಾಳ ಕೊಲ್ಲಿ, ತಮಿಳುನಾಡು ಕರಾವಳಿ ಅಂತ ಇದ್ದರೆ ಅದು ಇನ್ನೂ ಆ ಕಡೆ ಇದೆ, ನಿಮಗೆ ಟೈಮ್ ಇದೆ. ಅಲ್ಲಿಯ ಎಚ್ಚರಿಕೆ ತೆಗೆದು ಲಕ್ಷದ್ವೀಪ, ಕೇರಳ, ಕರ್ನಾಟಕ ಕರಾವಳಿಗೆ ಕೊಟ್ಟರೆ ಅದು ನೆಲ ದಾಟಿ ನಮ್ಮ ಕಡಲಿಗೆ ಇಳಿಯುತ್ತಿದೆ ಅಂತ ಅರ್ಥ. ಫೆಂಗಲ್ ಉಳಿಕೆ ಹಾಗೇ ಡಿಸೆಂಬರ್ 3ಕ್ಕೆ ಅರಬ್ಬಿ ಸಮುದ್ರಕ್ಕೆ ಬಂತು. ಹಿಂದಿನ ದಿನವೇ ಇಲ್ಲಿ ಬೋಟುಗಳು ಸಾಲಾಗಿ ಒಳಗೆ ಬಂದು ನಿಂತಿದ್ದವು. ಇಳಿದ ಮೇಲೂ ಎರಡು ದಿನ ಅದು ತೇವದ ಗಾಳಿ ಎಳೆಯುತ್ತಿರುತ್ತದೆ, ಘಟ್ಟದ ಮೇಲೂ ಮೋಡ ಇರುತ್ತದೆ. ಅದು ಇನ್ನೂ ಪಶ್ಚಿಮಕ್ಕೆ ಸರಿದು 'ಕರ್ನಾಟಕ ಕರಾವಳಿಗೆ ಎಚ್ಚರಿಕೆ ಇಲ್ಲ' ಅಂತ ಬಂದ ದಿನ ನೀವು ಧೈರ್ಯವಾಗಿ ಕಣ ಬಿಚ್ಚಿ.

ಅಲೆಯ ಎತ್ತರ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನವರು ಕೊಡುತ್ತಾರೆ. 3 ಮೀಟರ್ ಅಂತ ಬರೆದರೆ ಎಲ್ಲ ಅಲೆಯೂ 3 ಮೀಟರ್ ಅಲ್ಲ. ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ ಅದು. ಅದಕ್ಕಿಂತ ದೊಡ್ಡ ಅಲೆಯೂ ಬರುತ್ತದೆ. ಅದು ನಿಮಗೆ ಬೇಡ, ನಮಗೆ ಪ್ರಾಣ.

---

ಜಗಳೂರು_ಕಣ:

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೂ ಓದಿ ಹೇಳಿದೆ. ಈಗ ಬುಲೆಟಿನ್ ಮತ್ತೆ ತೆಗೆದು ನೋಡಿದೆ. ಲೋ ಪ್ರೆಶರ್ ಆಗಿದೆ, ಪಶ್ಚಿಮ ವಾಯವ್ಯಕ್ಕೆ ಚಲಿಸಿ ಉತ್ತರ ತಮಿಳುನಾಡು ಕರಾವಳಿ ಹತ್ತಿರ ಬರುವ ಸಾಧ್ಯತೆ ಅಂತ ಇದೆ. ಎಚ್ಚರಿಕೆ ಇನ್ನೂ ತಮಿಳುನಾಡು ಕಡಲಿಗೇ ಇದೆ. ಅಂದರೆ ನಮ್ಮ ದಾರಿಯೇ ಹಿಡಿದಿದೆ ಅಲ್ವಾ? ಇದನ್ನು ಎಷ್ಟು ದಿನ ಮೊದಲು ನಂಬಬಹುದು? ಆ 60 ಪರ್ಸೆಂಟ್ ಏನು?

---

ಹೈವೇ_ದಾವಣಗೆರೆ:

ಹೌದು, ದಾರಿ ನಮ್ಮದೇ. ಆದರೆ ಇನ್ನೂ ಕಡಲ ಮೇಲಿದೆ. ದಡಕ್ಕೆ ಬರುವಷ್ಟರಲ್ಲಿ ಮೇಲಕ್ಕೋ ಕೆಳಕ್ಕೋ 100 ಕಿ.ಮೀ. ಜರುಗಿದರೂ ನಮ್ಮ ಲೆಕ್ಕ ಬದಲಾಗುತ್ತದೆ. ಐದು ದಿನ ಮೊದಲು ಬರೆದದ್ದನ್ನು ಏನೋ ಏಳುತ್ತಿದೆ ಅನ್ನುವಷ್ಟಕ್ಕೆ ಮಾತ್ರ ನಂಬಿ. ಅದು ಡಿಪ್ರೆಶನ್ ಆಗುವ ಸಾಧ್ಯತೆಯನ್ನೂ ಕಡಿಮೆ, ಮಧ್ಯಮ, ಹೆಚ್ಚು ಅಂತ ಕೊಡುತ್ತಾರೆ. ಹೆಚ್ಚು ಅಂದರೆ 68 ಪರ್ಸೆಂಟ್ ಮೇಲೆ. ಎರಡು ಮೂರು ದಿನ ಉಳಿದಾಗ ದಾರಿ ನಂಬಬಹುದು. ನಿಮ್ಮೂರಿಗೆ ಮಳೆ ಬರುತ್ತದಾ ಅನ್ನುವುದನ್ನು ಹಿಂದಿನ ದಿನ ಮಧ್ಯಾಹ್ನದ ಬುಲೆಟಿನ್ ಬಿಟ್ಟು ಬೇರೆ ಯಾವುದರ ಮೇಲೂ ತೀರ್ಮಾನ ಮಾಡಬೇಡಿ.

ಮೊಬೈಲ್‌ನ 60 ಅಂದರೆ ಹೊತ್ತಿನ ಲೆಕ್ಕವೂ ಅಲ್ಲ, ಮಳೆಯ ಪ್ರಮಾಣವೂ ಅಲ್ಲ. ಇಂಥ ಹತ್ತು ದಿನ ಬಂದರೆ ಆರು ದಿನ ಹನಿ ಬೀಳಬಹುದು ಅಂತ. ಎಷ್ಟು ಬೀಳುತ್ತದೆ ಅಂತ ಅದು ಹೇಳುವುದೇ ಇಲ್ಲ. ಇಲಾಖೆಯ ಲೆಕ್ಕದಲ್ಲಿ 15.5 ಮಿ.ಮೀ. ತನಕ ಹಗುರ ಮಳೆ. ಭಾರಿ ಮಳೆ ಅನ್ನುವುದು 64.5ರಿಂದ ಶುರು. ಅವರಿಗೆ ಹಗುರ ಆದದ್ದು ಬಿಚ್ಚಿಟ್ಟ ಜೋಳಕ್ಕೆ ಹಗುರ ಅಲ್ಲ. 5 ಮಿ.ಮೀ. ಬಂದರೂ ನಿಮ್ಮ 17 ಮತ್ತೆ ಮೇಲೇರುತ್ತದೆ. ಹಳದಿ ಎಚ್ಚರಿಕೆ ಕೊಟ್ಟಿಲ್ಲ ಅಂತ ಸುಮ್ಮನಿರಬೇಡಿ.

ಹೀಗೆ ಮಾಡಿ. ನಾಳೆ, ನಾಡಿದ್ದು ಒಣಗಿಸಿ. ಗುರುವಾರ ಮಧ್ಯಾಹ್ನದ ಬುಲೆಟಿನ್ ನೋಡಿ. ದಾವಣಗೆರೆ, ಚಿತ್ರದುರ್ಗದ ಸಾಲಿನಲ್ಲಿ 'ಕೆಲವು ಕಡೆ' ಅಥವಾ ಅದಕ್ಕಿಂತ ಹೆಚ್ಚು ಅಂತ ಇದ್ದರೆ ಗುರುವಾರ ಸಂಜೆಯೇ ತುಂಬಿಬಿಡಿ. ಎಷ್ಟು ಇಳಿದಿದೆಯೋ ಅಷ್ಟಕ್ಕೇ ತುಂಬಿ, 14ಕ್ಕೆ ಕಾಯಬೇಡಿ. ಗೋಣಿಚೀಲದಲ್ಲಿ ತುಂಬಿ, ಪ್ಲಾಸ್ಟಿಕ್ ಚೀಲ ಬೇಡ. ಕೆಳಗೆ ಹಲಗೆಯೋ ಹತ್ತಿಕಟ್ಟಿಗೆಯೋ ಹಾಕಿ, ಚೀಲದ ಸಾಲುಗಳ ನಡುವೆ ಗಾಳಿಗೆ ಸಂದಿ ಬಿಡಿ. ದಿನಾ ಒಂದು ಚೀಲದ ಒಳಗೆ ಕೈ ಹಾಕಿ ನೋಡಿ, ಬಿಸಿ ಅನ್ನಿಸಿದರೆ ಆ ಚೀಲ ಸುರಿದು ಆರಿಸಿ. ಮೋಡ ಹೋದ ಮೇಲೆ ಉತ್ತರದ ಒಣ ಗಾಳಿ ಬಂದಾಗ ಉಳಿದ ಎರಡು ಪಾಯಿಂಟ್ ಎರಡೇ ದಿನದಲ್ಲಿ ಇಳಿಯುತ್ತದೆ. ವ್ಯಾಪಾರಿಗೆ ಫೋನ್ ಮಾಡಿ ಮುಂದಿನ ವಾರ ಬನ್ನಿ ಅಂತ ಈಗಲೇ ಹೇಳಿಬಿಡಿ. ಗುರುವಾರದ ಬುಲೆಟಿನ್‌ನಲ್ಲಿ ಏನು ಬಂತು ಅಂತ ಇಲ್ಲೇ ಹಾಕಿ, ನನಗೂ ಶುಕ್ರವಾರ ಲೋಡ್ ಇದೆ.